ಬದುವಿನ ಹೊಂಗೆ: ಬರದಲ್ಲಿ ಒಣಗಿದ್ದು, ಮತ್ತೆ ಚಿಗುರಿದ್ದು

ಶಿರಾ ತಾಲ್ಲೂಕಿನಲ್ಲಿ ನಮ್ಮದು ಮೂರೂವರೆ ಎಕರೆ ಖುಷ್ಕಿ. ಮೇಲೆ ಒಂದಡಿ ಕೆಂಪು ಮಣ್ಣು, ಅದರ ಕೆಳಗೆ ಕಲ್ಲು ಬೆರೆತ ಗಟ್ಟಿ ಗರಸು. ಮಳೆ ಬಂದರೆ ಕಡ್ಲೆಕಾಯಿ, ನಡುವೆ ತೊಗರಿ ಸಾಲು. ಬದುವಿನ ಉದ್ದಕ್ಕೂ ಎಣ್ಣೆ ಬೀಜದ ಮರ ಬೆಳೆಸೋಣ ಅಂತ 2022ರಲ್ಲಿ ಶುರು ಮಾಡಿದ ಕೆಲಸ ಇದು. ಈಗ 2025ರ ಜೂನ್. ಏನು ಮಾಡಿದೆ, ಎಲ್ಲಿ ತಪ್ಪಿದೆ, ಎಷ್ಟು ಖರ್ಚಾಯಿತು ಅನ್ನೋದನ್ನು ನೋಟ್‌ಬುಕ್ ಮುಂದೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಹೊಂಗೆಗೆ ನೀರೇ ಬೇಡ, ಎಂಥ ಬರಕ್ಕೂ ಬಗ್ಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಕಣದ ಹತ್ತಿರ ಇರುವ ದೊಡ್ಡ ಮರ ನೋಡಿದರೆ ಅದು ನಿಜ. ಅಪ್ಪ ಹುಟ್ಟೋಕೆ ಮುಂಚೆಯಿಂದ ಇದೆ, ಯಾರೂ ಒಂದು ಕೊಡ ನೀರು ಹಾಕಿದ್ದಿಲ್ಲ. ಆದರೆ ನಾನು ನೆಟ್ಟ ಸಸಿಗಳು ಸಾಲುಸಾಲಾಗಿ ಸತ್ತವು. ಹಾಗಾಗಿ ಸಸಿ ನೆಡೋರಿಗೆ ಇದು ಉಪಯೋಗಕ್ಕೆ ಬರಬಹುದು.

2022 ಜುಲೈ: ನೆಟ್ಟಿದ್ದು

ಪುನರ್ವಸು ಮಳೆ ಹಿಡಿದ ವಾರ. ಒಟ್ಟು 64 ಸಸಿ: 52 ಹೊಂಗೆ, 8 ಬೇವು, 4 ಹಿಪ್ಪೆ. ಒಂದು ಖಾಸಗಿ ನರ್ಸರಿಯಿಂದ ತಂದಿದ್ದು, ಸಸಿಗೆ 25 ರೂಪಾಯಿ, ಅಲ್ಲಿಗೆ 1,600. ಗುಣಿ ತೆಗೆಯೋಕೆ ಇಬ್ಬರು ಆಳು, ಎರಡು ದಿನ, ದಿನಗೂಲಿ 450, ಅದು 1,800. ಗುಣಿ ಉದ್ದ, ಅಗಲ, ಆಳ ಎಲ್ಲ ಒಂದೂಕಾಲು ಅಡಿ. ಸಾಲಿನಿಂದ ಸಾಲು ಇಲ್ಲ, ಬದುವಿನ ಮೇಲೆ ಹದಿನೈದು ಅಡಿಗೆ ಒಂದು.

ಈ ಎರಡು ದಿನದಲ್ಲೇ ಮೂರು ತಪ್ಪು ಆಯಿತು.

ಒಂದನೆಯದು, ಗರಸು ಸಿಕ್ಕ ಜಾಗದಲ್ಲಿ ಗುಣಿ ನಿಂತಿತು. ಗುದ್ದಲಿ ಠಣ್ ಅಂದ ತಕ್ಷಣ ಆಳುಗಳು ಮುಂದಿನ ಗುಣಿಗೆ ಹೋದರು, ನಾನೂ ಸಾಕು ಅಂದೆ. ಗುಣಿಯ ತಳ ಸಿಮೆಂಟ್ ತೊಟ್ಟಿಯ ಹಾಗೆ ಗಟ್ಟಿಯಾಗಿಯೇ ಉಳಿಯಿತು.

ಎರಡನೆಯದು, ಸಸಿ ಆರಿಸುವಾಗ ಎತ್ತರ ನೋಡಿದೆ. ಮೂರಡಿಗಿಂತ ಎತ್ತರ ಇದ್ದವನ್ನೇ ಹುಡುಕಿ ಗಾಡಿಗೆ ಹಾಕಿಸಿಕೊಂಡೆ. ಅಂಗೈ ಅಗಲದ ಕಪ್ಪು ಕವರಿನಲ್ಲಿ ಅಷ್ಟು ಎತ್ತರ ಆಗಬೇಕಾದರೆ ಅದು ವರ್ಷಕ್ಕಿಂತ ಜಾಸ್ತಿ ಅಲ್ಲೇ ಕೂತಿರಬೇಕು ಅಲ್ವಾ? ಆವತ್ತು ಅದು ಹೊಳೆಯಲಿಲ್ಲ.

ಮೂರನೆಯದು, ತಿಪ್ಪೆಯಿಂದ ಅರ್ಧಂಬರ್ಧ ಕೊಳೆತ ಗೊಬ್ಬರ ತಂದು ಗುಣಿಗೆ ಎರಡೆರಡು ಮಂಕರಿ ಸುರಿದೆ. ಗೆದ್ದಲಿಗೆ ಊಟ ಬಡಿಸಿದಂತಾಯಿತು.

ಆ ವರ್ಷ ಮಳೆ ಜೋರು. ಸುತ್ತಮುತ್ತ ಕೆರೆಗಳು ಕೋಡಿ ಬಿದ್ದವು. ಡಿಸೆಂಬರ್‌ನಲ್ಲಿ ಎಣಿಸಿದರೆ 52ರಲ್ಲಿ 50 ಹೊಂಗೆ ಹಸಿರಾಗಿದ್ದವು. ಎಲ್ಲ ಸರಿಯಾಗಿದೆ ಅಂದುಕೊಂಡೆ.

2023 ಬೇಸಿಗೆ: ಮೇಲೆ ಮೇಲೆ ನೀರು

ಮಾರ್ಚ್‌ನಿಂದ ಮೇವರೆಗೆ ಮೂರು ದಿನಕ್ಕೊಮ್ಮೆ ಗಿಡಕ್ಕೆ ಮೂರು ಲೀಟರ್. ನೀರು ಅತ್ತೆ ಮನೆಯ ಬೋರ್‌ನದ್ದು, ಹೊಲದಿಂದ ಒಂದೂವರೆ ಕಿಲೋಮೀಟರ್. ಟಿವಿಎಸ್ ಎಕ್ಸೆಲ್ ಮೇಲೆ 35 ಲೀಟರ್‌ನ ಎರಡು ಕ್ಯಾನ್ ಕಟ್ಟಿಕೊಂಡು ಹೋಗುತ್ತಿದ್ದೆ. ಬುಡಕ್ಕೆ ಪುಟ್ಟ ಪಾತಿ ಮಾಡಿ ಚೊಂಬಿನಲ್ಲಿ ಹಾಕೋದು. ಆರು ಹೊಂಗೆ ಹೋದವು, 44 ಉಳಿದವು.

ಒಂದು ದಿನ ದೊಡ್ಡಪ್ಪ ಬದುವಿನ ಮೇಲೆ ನಿಂತು ನೋಡುತ್ತಿದ್ದರು. "ಅಲ್ಲ ಕಣೋ, ಎಳೇ ಮಗೂಗೆ ಒಳ್ಳೇಲಿ ಹಾಲು ಹಾಕ್ದಂಗೆ ಹಾಕ್ತಿದೀಯ. ಬಾಯಿ ಹತ್ರಾನೇ ಸಿಕ್ರೆ ಅದ್ರ ಬೇರು ಕೆಳಕ್ಕೆ ಯಾಕೋ ಹೋಗುತ್ತೆ?" ಅಂದರು.

"ಸಾಯೋಕೆ ಬಿಡೋದಾ ದೊಡ್ಡಪ್ಪ?" ಅಂದೆ.

"ಹಾಕಬೇಡ ಅನ್ಲಿಲ್ಲ. ಒಂದ್ಸಲ ಹೊಟ್ಟೆ ತುಂಬ ಹಾಕು, ಆಮೇಲೆ ಅದರ ಪಾಡಿಗೆ ಬಿಡು."

ಅವರ ಮಾತು ಕೇಳಲಿಲ್ಲ. ಇಡೀ ಕೆಲಸದಲ್ಲಿ ನನಗೆ ಅತಿ ದುಬಾರಿ ಬಿದ್ದಿದ್ದು ಇದೇ.

2023 ಆಗಸ್ಟ್‌ನಿಂದ ಅಕ್ಟೋಬರ್: ಮಳೆ ಕೈ ಕೊಟ್ಟಿತು

ಆಶ್ಲೇಷ, ಮಘ ಎರಡೂ ಬರಿದೇ ಹೋದವು. 1901ರಿಂದ ಇಟ್ಟಿರುವ ಲೆಕ್ಕದಲ್ಲೇ ದೇಶಕ್ಕೆ ಅತಿ ಒಣ ಆಗಸ್ಟ್ ಅದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಆಯಿತು, ನಮ್ಮದೂ ಸೇರಿ. ಕಡ್ಲೆಕಾಯಿ ಬಳ್ಳಿ ಕಿತ್ತರೆ ಬೇರಿನಲ್ಲಿ ಎರಡು ಮೂರು ಜೊಳ್ಳು ಕಾಯಿ. ಅದನ್ನು ದನಕ್ಕೆ ಹಾಕಿದೆವು.

ಆ ದಿನಗಳಲ್ಲಿ ಹೊಂಗೆ ಎಲೆ ನೋಡೋದನ್ನು ಕಲಿತೆ. ಮಧ್ಯಾಹ್ನ ಒಂದು ಗಂಟೆಗೆ ಹೋದರೆ ಎಲ್ಲ ಗಿಡದ ಎಲೆಯೂ ಒದ್ದೆ ಬಟ್ಟೆಯ ಹಾಗೆ ಕೆಳಗೆ ಜೋತು ಬಿದ್ದಿರುತ್ತವೆ. ಅದನ್ನು ನೋಡಿ ಗಾಬರಿಯಾಗಿ ಮಟಮಟ ಮಧ್ಯಾಹ್ನವೇ ನೀರು ಹೊತ್ತಿದ್ದೇನೆ. ಆಮೇಲೆ ಗೊತ್ತಾಯಿತು, ಬಿಸಿಲು ನೇರ ಬೀಳದಿರಲಿ ಅಂತ ಹೊಂಗೆ ಎಲೆಯನ್ನು ಹಾಗೆ ಇಳಿ ಬಿಡುತ್ತೆ, ಸಂಜೆಗೆ ತಾನೇ ಎತ್ತಿಕೊಳ್ಳುತ್ತೆ. ನೋಡಬೇಕಾದ್ದು ಬೆಳಿಗ್ಗೆ ಆರು ಗಂಟೆಗೆ. ರಾತ್ರಿಯೆಲ್ಲ ತಣ್ಣಗಿದ್ದರೂ ಬೆಳಿಗ್ಗೆ ಎಲೆ ಎದ್ದಿಲ್ಲ ಅಂದರೆ ಬೇರಿಗೆ ನೀರು ಸಿಗುತ್ತಿಲ್ಲ ಅಂತ ಅರ್ಥ. ಅಂಥ ಗಿಡಕ್ಕೆ ಸುಣ್ಣದ ಗುರುತು ಹಾಕುತ್ತಾ ಬಂದೆ.

ಅಕ್ಟೋಬರ್ ಕೊನೆಗೆ 44ರಲ್ಲಿ 17 ಗಿಡ ಪೂರ್ತಿ ಬೋಳು. ಉಗುರಿನಿಂದ ಕಾಂಡದ ತೊಗಟೆ ಕೆರೆದು ನೋಡಿದೆ. ಆರು ಗಿಡಕ್ಕೆ ಒಳಗೆ ಹಸಿರು ಇತ್ತು. ಹನ್ನೊಂದಕ್ಕೆ ಬುಡದವರೆಗೂ ಕಂದು, ಬಗ್ಗಿಸಿದರೆ ಲಟಕ್ ಅಂತ ಮುರಿಯಿತು.

2023 ನವೆಂಬರ್ ಮೊದಲ ವಾರ: ಅಗೆದು ನೋಡಿದ್ದು

ಸತ್ತ ಹನ್ನೊಂದನ್ನೂ ಅಗೆದೆ. ಬರೀ ಕೀಳಲಿಲ್ಲ, ಸುತ್ತ ಒಂದೂವರೆ ಅಡಿ ಬಿಟ್ಟು ಗುಂಡಿ ತೋಡಿ, ಬೇರು ಮುರಿಯದ ಹಾಗೆ ಸಣ್ಣ ಕುರ್ಚಿಗೆಯಿಂದ ಮಣ್ಣು ಬಿಡಿಸಿದೆ. ಒಂದೊಂದಕ್ಕೆ ಮುಕ್ಕಾಲು ಗಂಟೆ.

ಮೊದಲ ಗಿಡದ ಬೇರು ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ತಾಯಿಬೇರು ನೆಲಕ್ಕೆ ಇಳಿದೇ ಇರಲಿಲ್ಲ. ಕವರಿನ ತಳ ಇದ್ದ ಮಟ್ಟದಲ್ಲಿ ತಿರುಗಿ, ಸುತ್ತು ಹಾಕಿ, ತನ್ನ ಮೇಲೆ ತಾನೇ ಕೂತಿತ್ತು. ನಮ್ಮ ಹೆಂಗಸರು ಕೊಡ ಹೊರೋಕೆ ತಲೆ ಮೇಲೆ ಇಡುವ ಸಿಂಬೆ ಇದೆಯಲ್ಲ, ಥೇಟ್ ಹಾಗೆ. ಎರಡೂವರೆ ಸುತ್ತು. ಬೆರಳು ತೂರಿಸಿದರೆ ಒಳಗೆ ನರ್ಸರಿಯ ಮರಳು ಮಣ್ಣು ಹಾಗೇ ಉಂಡೆಯಾಗಿ ಇತ್ತು. ನೆಟ್ಟು ಹದಿನಾರು ತಿಂಗಳಾಗಿತ್ತು. ಅಷ್ಟು ದಿನವೂ ಆ ಗಿಡ ಕವರಿನ ಆಕಾರದಲ್ಲೇ ಬದುಕಿತ್ತು. ಪಕ್ಕದ ಬೇರು ಒಂದಷ್ಟು ಹೊರಗೆ ಬಂದಿದ್ದವು, ಎಲ್ಲವೂ ಮೇಲಿನ ಐದು ಇಂಚಿನಲ್ಲಿ, ನಾನು ಚೊಂಬಿನಲ್ಲಿ ನೀರು ಹಾಕುತ್ತಿದ್ದ ಪಾತಿಯ ಒಳಗೇ.

ಹನ್ನೊಂದರಲ್ಲಿ ಎಂಟು ಹೀಗೇ, ಸುತ್ತಿಕೊಂಡಿದ್ದವು ಅಥವಾ ಗರಸಿಗೆ ತಾಗಿ ಕೊಕ್ಕೆಯ ಹಾಗೆ ಮಡಚಿಕೊಂಡಿದ್ದವು. ಮೂರನ್ನು ಗೆದ್ದಲು ಬುಡದಲ್ಲಿ ತೊಗಟೆ ತಿಂದು ಮುಗಿಸಿತ್ತು.

ಅವತ್ತೇ ಇನ್ನೊಂದು ಪರೀಕ್ಷೆ ಮಾಡಿದೆ. ಬದುಕಿದ್ದ ಒಂದು ಗಿಡಕ್ಕೆ ಮೂರು ಲೀಟರ್ ಹಾಕಿ, ಒಂದು ಗಂಟೆ ಬಿಟ್ಟು ಪಕ್ಕದಲ್ಲಿ ತೋಡಿದೆ. ಒದ್ದೆ ಇದ್ದದ್ದು ಐದು ಇಂಚು. ಮಾರನೇ ಸಂಜೆ ಅದೂ ಪುಡಿ ಮಣ್ಣು. ಹೊಂಗೆ ಬರ ತಡೆಯೋದು ಆಳದ ಬೇರಿನಿಂದ. ಆ ಬೇರನ್ನು ಕವರು ಕೆಡಿಸಿತು, ಗುಣಿ ತಡೆಯಿತು, ನನ್ನ ಚೊಂಬಿನ ನೀರು ಮೇಲೇ ಉಳಿಸಿತು.

2023 ನವೆಂಬರ್: ರಿಪೇರಿ

ಉಳಿದದ್ದು 33 ಹೊಂಗೆ. ಬದುಕಿರುವ ಗಿಡದ ಬೇರು ಬಿಡಿಸಿ ಸರಿ ಮಾಡೋಕೆ ಆಗಲ್ಲ. ನೀರನ್ನು ಕೆಳಗೆ ಕೊಟ್ಟು ಹೊಸ ಬೇರು ಆ ಕಡೆ ಹೋಗುವಂತೆ ಮಾಡೋದೊಂದೇ ದಾರಿ ಅನ್ನಿಸಿತು. ಮೂರು ಗುಂಪು ಮಾಡಿದೆ.

ಹನ್ನೆರಡು ಗಿಡಕ್ಕೆ ಮಣ್ಣಿನ ಮಡಕೆ. ಎಂಟು ಲೀಟರ್ ಹಿಡಿಯೋದು, ಒಂದಕ್ಕೆ 90 ರೂಪಾಯಿ, ಒಟ್ಟು 1,080. ಗಿಡದಿಂದ ಒಂದಡಿ ದೂರ, ಕುತ್ತಿಗೆಯವರೆಗೆ ಹೂತು, ಬಾಯಿಗೆ ಚಪ್ಪಡಿ ಮುಚ್ಚಿದೆ. ತೂತು ಮಾಡಲಿಲ್ಲ, ಮಡಕೆಯ ಮೈಯಿಂದಲೇ ನೀರು ಒಸರಬೇಕು. ಮೊದಲ ತಿಂಗಳು ನಾಲ್ಕು ದಿನಕ್ಕೆ ಖಾಲಿ ಆಗುತ್ತಿತ್ತು. ಆಮೇಲೆ ತೊಂದರೆ ಶುರುವಾಯಿತು. ಅತ್ತೆ ಮನೆಯ ಬೋರ್ ನೀರು ಗಡಸು. ಜನವರಿ ಹೊತ್ತಿಗೆ ಮಡಕೆ ಒಳಗೆ ಬಿಳಿ ಪದರ ಕಟ್ಟಿ, ಎಂಟು ದಿನ ಆದರೂ ಅರ್ಧ ನೀರು ಹಾಗೇ ನಿಂತಿರೋದು. ಹುಣಸೆ ನೀರು ಹಾಕಿ ತೆಂಗಿನ ನಾರಿನಿಂದ ಉಜ್ಜಿದೆ. ಸ್ವಲ್ಪ ಪರವಾಗಿಲ್ಲ ಅನ್ನಿಸಿತು, ಮೊದಲಿನ ಹಾಗೆ ಒಸರಲಿಲ್ಲ. ಎರಡು ಮಡಕೆ ಹೂಳುವಾಗಲೇ ಬಿರುಕು ಬಿಟ್ಟವು, ಸಿಮೆಂಟ್ ಹಚ್ಚಿ ಹಾಗೇ ಬಳಸಿದೆ.

ಇನ್ನು ಹನ್ನೆರಡಕ್ಕೆ ಪೈಪು. 63 ಎಂಎಂ ಪಿವಿಸಿ, 20 ಅಡಿಯ ಎರಡು ಉದ್ದ, 960 ರೂಪಾಯಿ. ಎರಡಡಿಯ ತುಂಡು ಮಾಡಿದೆ. ಮೊದಲ ಮೂರು ತುಂಡಿಗೆ ಉದ್ದಕ್ಕೂ ತೂತು ಕೊರೆದೆ. ಅದು ಕೆಲಸಕ್ಕೆ ಬರಲಿಲ್ಲ, ನೀರೆಲ್ಲ ಮೇಲಿನ ತೂತಿನಲ್ಲೇ ಸೋರಿ ಮತ್ತೆ ಅದೇ ಕಥೆ. ಮುಂದಿನವಕ್ಕೆ ತಳದ ಎಂಟು ಇಂಚಿನಲ್ಲಿ ಮಾತ್ರ, 6 ಎಂಎಂ ಬಿಟ್‌ನಲ್ಲಿ ಹದಿನಾರು ತೂತು. ಗಿಡದಿಂದ ಒಂದೂವರೆ ಅಡಿ ದೂರದಲ್ಲಿ ಹಾರೆಯಿಂದ ಎರಡಡಿ ಗರಸು ಕುಟ್ಟಿ, ಗಿಡದ ಕಡೆ ಸ್ವಲ್ಪ ಓರೆಯಾಗಿ ಇಳಿಸಿದೆ. ಇದಕ್ಕಿಂತ ಹತ್ತಿರ ಹೋದರೆ ಇರುವ ಬೇರಿಗೇ ಹಾರೆ ತಾಗುತ್ತೆ. ತಳಕ್ಕೆ ಒಂದು ಹಿಡಿ ಜಲ್ಲಿ. ಬಾಯಿಗೆ ತೆಂಗಿನ ಚಿಪ್ಪು, ಇಲ್ಲದಿದ್ದರೆ ಹಲ್ಲಿ, ಓತಿಕೇತ ಬಿದ್ದು ಸಾಯುತ್ತವೆ. ಹನ್ನೆರಡು ದಿನಕ್ಕೊಮ್ಮೆ ಹತ್ತು ಲೀಟರ್. ಗರಸು ಬೇಗ ಕುಡಿಯಲ್ಲ, ಒಂದೇ ಸಲ ಸುರಿದರೆ ಮೇಲೆ ಉಕ್ಕುತ್ತೆ. ಐದು ಲೀಟರ್ ಹಾಕಿ, ಸಾಲು ಮುಗಿಸಿ ಬಂದು, ಇನ್ನೈದು ಹಾಕುತ್ತಿದ್ದೆ.

ಉಳಿದ ಒಂಬತ್ತಕ್ಕೆ ಹಳೆಯ ರೀತಿಯೇ, ಮೂರು ದಿನಕ್ಕೆ ಮೂರು ಲೀಟರ್. ಹೋಲಿಸಿ ನೋಡೋಣ ಅಂತ ಬಿಟ್ಟೆ. ಬೇವು, ಹಿಪ್ಪೆಗೂ ಇದೇ.

ಎಲ್ಲ ಸೇರಿ ಹನ್ನೆರಡು ದಿನಕ್ಕೆ ಸುಮಾರು 660 ಲೀಟರ್. ಎಕ್ಸೆಲ್‌ನಲ್ಲಿ ಒಂಬತ್ತು ಹತ್ತು ಸಲ ಓಡಾಟ. ಬೇಸಿಗೆ ಮುಗಿಯುವಷ್ಟರಲ್ಲಿ ಪೆಟ್ರೋಲ್ 1,900 ರೂಪಾಯಿ.

ಬುಡಕ್ಕೆ ಮುಚ್ಚಿಗೆ ಹಾಕುವಾಗಲೂ ಒಮ್ಮೆ ಎಡವಿದೆ. ಕಡ್ಲೆಕಾಯಿ ಸಿಪ್ಪೆ ಸುಲಭವಾಗಿ ಸಿಗುತ್ತೆ ಅಂತ ದಪ್ಪಗೆ ಹಾಕಿದರೆ ಹದಿನೈದು ದಿನದಲ್ಲಿ ಗೆದ್ದಲು ಹುತ್ತ ಕಟ್ಟಿತು. ಎಲ್ಲ ಬಾಚಿ ತೆಗೆದು, ಅರ್ಧ ಚೀಲ ಬೇವಿನ ಹಿಂಡಿ ತಂದು (700 ರೂಪಾಯಿ) ಬುಡದ ಮಣ್ಣಿಗೆ ಬೆರೆಸಿದೆ. ಮೇಲೆ ಹೊಲದ ಕಲ್ಲುಗಳನ್ನೇ ಆರಿಸಿ ಹಾಸಿದೆ. ಕಾಸು ಖರ್ಚಿಲ್ಲ. ಬೆಳಿಗ್ಗೆ ಕಲ್ಲು ಎತ್ತಿದರೆ ಅಡಿಯಲ್ಲಿ ಮಣ್ಣು ತಂಪಾಗಿ, ಬಣ್ಣ ಕಪ್ಪಾಗಿ ಇರುತ್ತೆ. ಸುತ್ತ ಬಳ್ಳಾರಿ ಜಾಲಿ ಮುಳ್ಳು ಒತ್ತಿದೆ. ಹೊಂಗೆ ಸೊಪ್ಪನ್ನು ಆಡು ಸಾಮಾನ್ಯವಾಗಿ ಇಷ್ಟಪಡಲ್ಲ, ಆದರೆ ಎಲ್ಲೂ ಹಸಿರಿಲ್ಲದ ವರ್ಷ ಅದು ಏನನ್ನೂ ಬಿಡಲ್ಲ.

2024 ಫೆಬ್ರವರಿ: ಕಿತ್ತು ಹಾಕಿದ್ದು

ಇದನ್ನು ಬರೆಯೋಕೆ ಈಗಲೂ ಸಂಕಟ ಆಗುತ್ತೆ. ಜನವರಿಯಲ್ಲಿ ಒಂದೊಂದೇ ಗಿಡ ಎಲೆ ಉದುರಿಸಿತು. ಫೆಬ್ರವರಿ ಎರಡನೇ ವಾರಕ್ಕೆ ಇಡೀ ಬದು ಬರೀ ಕಡ್ಡಿ. ಮಾಡಿದ್ದೆಲ್ಲ ನೀರುಪಾಲು ಅಂತ ಬೇಜಾರಾಗಿ, ಹಳೆಯ ರೀತಿ ನೀರು ಹಾಕುತ್ತಿದ್ದ ಒಂಬತ್ತರಲ್ಲಿ ಮೂರನ್ನು ಕಿತ್ತೆ. ತೊಗಟೆ ಕೆರೆದು ನೋಡಲಿಲ್ಲ. ಮೂರನೆಯದು ಸುಲಭಕ್ಕೆ ಬರಲಿಲ್ಲ. ಜಗ್ಗಿದೆ, ಬೇರು ತುಂಡಾಯಿತು. ತುಂಡಾದ ಜಾಗ ಮುಟ್ಟಿದರೆ ಬೆರಳಿಗೆ ತೇವ ಅಂಟಿತು. ಒಳಗೆ ಬೆಳ್ಳಗೆ, ಹಸಿ ಹೊಂಗೆಯ ಕಟು ವಾಸನೆ. ಜೀವ ಇದ್ದ ಗಿಡ ಅದು.

ಆಮೇಲೆ ಕಣದ ಹತ್ತಿರದ ದೊಡ್ಡ ಮರ ನೋಡಿದೆ. ಅದರ ಎಲೆಯೂ ಅರ್ಧಕ್ಕರ್ಧ ಉದುರಿತ್ತು. ಪ್ರತಿ ವರ್ಷವೂ ಉದುರುತ್ತೆ, ಇದು ಗೊತ್ತಿದ್ದ ವಿಷಯವೇ. ನೀರು ಕಡಿಮೆ ಇದ್ದಾಗ ಎಲೆ ಇಟ್ಟುಕೊಂಡು ಕಳೆದುಕೊಳ್ಳುವ ಬದಲು ಎಲೆಯನ್ನೇ ಬಿಟ್ಟುಬಿಡುತ್ತೆ. ದೊಡ್ಡ ಮರದಲ್ಲಿ ಸಹಜ ಅಂತ ನೋಡಿದ್ದನ್ನು ಸಸಿಯಲ್ಲಿ ಸಾವು ಅಂದುಕೊಂಡೆ. ಮೇ ಮುಗಿಯುವವರೆಗೆ ಯಾವ ಬೋಳು ಹೊಂಗೆಯನ್ನೂ ಕೀಳಬಾರದು ಅಂತ ನೋಟ್‌ಬುಕ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟೆ.

2024 ಏಪ್ರಿಲ್ 9, ಯುಗಾದಿ: ಎಣಿಕೆ

ಹಬ್ಬದ ಬೆಳಿಗ್ಗೆ ಎಣ್ಣೆಸ್ನಾನಕ್ಕೂ ಮುಂಚೆ ಹೊಲಕ್ಕೆ ಹೋದೆ. ಅಷ್ಟೊತ್ತಿಗೆ ಒಂದು ಹದ ಮಳೆಯೂ ಬಿದ್ದಿರಲಿಲ್ಲ. ಆದರೂ ಚಿಗುರು. ತುದಿಯಲ್ಲಿ ತೆಳ್ಳಗೆ, ಎಣ್ಣೆ ಸವರಿದ ಹಾಗೆ ಹೊಳೆಯುವ ಎಲೆ.

ಪೈಪಿನ ಹನ್ನೆರಡರಲ್ಲಿ ಹನ್ನೊಂದು ಚಿಗುರಿದ್ದವು. ಮಡಕೆಯ ಹನ್ನೆರಡರಲ್ಲಿ ಹತ್ತು. ಮೇಲಿಂದ ನೀರು ಹಾಕಿದ್ದರಲ್ಲಿ ಉಳಿದಿದ್ದ ಆರಕ್ಕೆ ಎರಡು. ಒಟ್ಟು 23.

ಸಂಖ್ಯೆ ಚಿಕ್ಕದು, ನಿಜ. ಆದರೆ ನೀರಿನ ಲೆಕ್ಕ ನೋಡಿ. ಹನ್ನೆರಡು ದಿನಕ್ಕೆ ಪೈಪಿನ ಗಿಡಕ್ಕೆ ಹತ್ತು ಲೀಟರ್, ಮೇಲಿಂದ ಹಾಕಿದ್ದಕ್ಕೆ ಹನ್ನೆರಡು ಲೀಟರ್, ಮಡಕೆಗೆ ಹೆಚ್ಚುಕಡಿಮೆ ಇಪ್ಪತ್ನಾಲ್ಕು. ಕಡಿಮೆ ನೀರು ಕುಡಿದದ್ದೇ ಚೆನ್ನಾಗಿತ್ತು. ಪೈಪಿನ ಪಕ್ಕ ಎರಡು ದಿನ ಬಿಟ್ಟು ತೋಡಿ ನೋಡಿದ್ದೆ. ಎರಡಡಿ ಆಳದ ಮಣ್ಣು ಹಿಡಿಯಲ್ಲಿ ಒತ್ತಿದರೆ ಉಂಡೆ ಕಟ್ಟುತ್ತಿತ್ತು.

ಜೂನ್‌ನಲ್ಲಿ ಮೃಗಶಿರ ಬಂದ ಮೇಲೆ, ಮೇಲ್ಭಾಗ ಪೂರ್ತಿ ಒಣಗಿದ್ದ ಏಳರಲ್ಲಿ ಮೂರು ನೆಲದ ಮಟ್ಟದಿಂದ ಹೊಸ ಕುಡಿ ಒಡೆದವು. ಅಲ್ಲಿಗೆ 26. ಆ ಮೂರರಲ್ಲಿ ನಾಲ್ಕೈದು ಕುಡಿ ಬಂದಿದ್ದವು. ಗಟ್ಟಿಯಾದ ಒಂದನ್ನು ಬಿಟ್ಟು ಉಳಿದವನ್ನು ಕತ್ತರಿಸಿದೆ.

ಬೇವು ಎಂಟರಲ್ಲಿ ಆರು ಉಳಿದವು. ಹಿಪ್ಪೆ ನಾಲ್ಕರಲ್ಲಿ ಒಂದೇ. ಬೇಲಿಯ ಕಾಡುಹರಳು (ಜಟ್ರೋಫಾ) ಮಾತ್ರ ಒಂದೂ ಸಾಯಲಿಲ್ಲ. ಅದರ ಕಾಂಡದಲ್ಲೇ ನೀರಿರುತ್ತೆ, ಎಲೆ ಉದುರಿಸಿ ಕೂತುಬಿಡುತ್ತೆ. ಆದರೆ ಆ ವರ್ಷ ಅದರಲ್ಲಿ ಕಾಯಿ ಬಿಟ್ಟಿದ್ದು ನಾನು ಕಾಣೆ.

2024 ಮಾರ್ಚ್, ಏಪ್ರಿಲ್: ದೊಡ್ಡ ಮರದ ಕಾಯಿ

ಕಾಲ ಹಿಂದೆಮುಂದೆ ಆಯಿತು, ಆದರೂ ಇದು ಇಲ್ಲೇ ಹೇಳಬೇಕು. ಕಣದ ಮರ ಬರಕ್ಕೆ ಬಗ್ಗಲ್ಲ ಅಂದೆನಲ್ಲ, ಕಾಯಿ ಬಡಿದಾಗ ಬೇರೆ ವಿಷಯ ಕಂಡಿತು. ಹಿಂದಿನ ವರ್ಷ ಐದು ಚೀಲ ಕಾಯಿ ಆಗಿತ್ತು. ಈ ಸಲ ಎರಡು. ಅದರಲ್ಲೂ ಎಷ್ಟೋ ಕಾಯಿ ಮೇಲಿಂದ ಸರಿಯಾಗೇ ಕಾಣುತ್ತಿದ್ದವು, ಒಡೆದರೆ ಒಳಗೆ ಬೀಜ ಸುಕ್ಕುಗಟ್ಟಿ ತೆಳ್ಳಗೆ ಹಪ್ಪಳದ ಹಾಗೆ. ಮರ ತನ್ನ ಜೀವ ಉಳಿಸಿಕೊಂಡಿತು, ಬೀಜಕ್ಕೆ ಕೊಡಬೇಕಾದ್ದನ್ನು ಕಡಿಮೆ ಮಾಡಿತು. ಬರದಲ್ಲೂ ಎಣ್ಣೆ ಬರುತ್ತೆ ಅಂತ ಲೆಕ್ಕ ಹಾಕಿ ನೆಡೋರು ಇದನ್ನು ನೋಡಬೇಕು. ಒಳ್ಳೆ ವರ್ಷದಲ್ಲಿ 20 ಕೆಜಿ ಬೀಜ ಗಾಣಕ್ಕೆ ಹಾಕಿಸಿದರೆ ನಮಗೆ ಐದು ಕೆಜಿ ಹತ್ತಿರ ಎಣ್ಣೆ, ಉಳಿದದ್ದು ಹಿಂಡಿ. ಹಿಂಡಿ ಹೊಲಕ್ಕೇ ಹೋಗುತ್ತೆ.

ದಪ್ಪ ಬೀಜ ನೋಡಿ ನೂರರಷ್ಟು ಎತ್ತಿಟ್ಟೆ.

2024 ಜೂನ್: ಬೀಜ ಊರಿದ್ದು

ಈ ಸಲ ಕವರಿನ ಸಹವಾಸ ಬಿಟ್ಟೆ. ಖಾಲಿ ಜಾಗಗಳಲ್ಲಿ 30 ಕುಳಿ. ಅಗಲ ಒಂದು ಗೇಣು, ಆಳ ಮೂರಡಿ. ಅಗಲ ಬೇಕಿಲ್ಲ, ಗರಸು ತೂತಾದರೆ ಸಾಕು. ಹಾರೆ ಹಿಡಿದು ಒಬ್ಬ ಆಳು ಮೂರು ದಿನ, ದಿನಕ್ಕೆ 500, ಅದು 1,500. ತೆಗೆದ ಗರಸನ್ನು ಪಕ್ಕಕ್ಕೆ ಹಾಕಿ, ಮೇಲ್ಮಣ್ಣನ್ನೇ ತುಂಬಿ, ಎರಡು ಮಳೆ ಬಿದ್ದು ಮಣ್ಣು ಕುಗ್ಗಲಿ ಅಂತ ಕಾದೆ. ಕಾಯದೆ ಊರಿದ ಮೊದಲ ಎರಡು ಕುಳಿಯಲ್ಲಿ ಬೀಜ ಮಣ್ಣಿನ ಜೊತೆ ನಾಲ್ಕು ಇಂಚು ಕೆಳಗೆ ಹೋಯಿತು, ಮತ್ತೆ ತೆಗೆದು ಊರಬೇಕಾಯಿತು.

ಬೀಜ ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿ, ಕುಳಿಗೆ ಮೂರರಂತೆ, ಒಂದಿಂಚು ಆಳಕ್ಕೆ, ಮಲಗಿಸಿ ಊರಿದೆ. ಹನ್ನೆರಡನೇ ದಿನದಿಂದ ಮೊಳಕೆ. 90ರಲ್ಲಿ 71 ಎದ್ದವು. ಎರಡು ಕುಳಿಯಲ್ಲಿ ಇಲಿ ಎಲ್ಲ ತಿಂದಿತ್ತು. ಕುಳಿಗೆ ಒಂದು ಬಿಟ್ಟು ಉಳಿದವನ್ನು ಕತ್ತರಿಯಿಂದ ಕತ್ತರಿಸಿದೆ. ಕಿತ್ತರೆ ಪಕ್ಕದ್ದರ ಬೇರು ಅಲುಗುತ್ತೆ.

ಡಿಸೆಂಬರ್‌ನಲ್ಲಿ ಮನಸ್ಸು ಗಟ್ಟಿ ಮಾಡಿ 28ರಲ್ಲಿ ಒಂದನ್ನು ಅಗೆದೆ. ಮೇಲೆ ಗಿಡ ಹನ್ನೊಂದು ಇಂಚು. ಕೆಳಗೆ ಬೇರು ಎರಡಡಿ ನಾಲ್ಕು ಇಂಚು, ಅಷ್ಟಾದ ಮೇಲೂ ತುದಿ ಮುರಿದು ಕುಳಿಯಲ್ಲೇ ಉಳಿಯಿತು. ಗೂಟ ಹೊಡೆದ ಹಾಗೆ ನೇರ. ಪಕ್ಕದ ಬೇರುಗಳಲ್ಲಿ ಸಾಸಿವೆಯಿಂದ ಕಡ್ಲೆವರೆಗೆ ಗಾತ್ರದ ಗಂಟುಗಳು. ಒಂದನ್ನು ಉಗುರಲ್ಲಿ ಸೀಳಿದೆ, ಒಳಗೆ ತಿಳಿ ಗುಲಾಬಿ. ಕಡ್ಲೆಕಾಯಿ ಬೇರಲ್ಲಿ ನೋಡ್ತೀವಲ್ಲ, ಗಾಳಿಯ ಸಾರಜನಕ ಹಿಡಿಯುವ ಗಂಟು, ಅದೇ. ಪಕ್ಕದಲ್ಲೇ ಇದ್ದ 2022ರ ಸಸಿಯ ಸಿಂಬೆ ಬೇರನ್ನು ಮನೆಯ ಜಂತೆಗೆ ಕಟ್ಟಿಟ್ಟಿದ್ದೇನೆ. ಎರಡನ್ನೂ ದೊಡ್ಡಪ್ಪನ ಮುಂದೆ ಇಟ್ಟೆ. ಅವರು ನೇರ ಬೇರನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ತಿರುಗಿಸಿ ನೋಡಿದರು, ಏನೂ ಹೇಳಲಿಲ್ಲ.

2025 ಜೂನ್: ಈಗ

ಹಳೆಯ 26 ಹೊಂಗೆಗೆ ಕಳೆದ ಡಿಸೆಂಬರ್‌ನಿಂದ ನೀರು ನಿಲ್ಲಿಸಿದೆ. ಎಲ್ಲವೂ ಇವೆ. ಬೀಜದ ಗಿಡ 27 ಇದ್ದವು. ಟ್ರ್ಯಾಕ್ಟರ್ ಉಳುವಾಗ ಬದುವಿಗೆ ತೀರ ಹತ್ತಿರ ಬಂದು ಎರಡು ಹೋದವು, 25 ಇವೆ. ಅವಕ್ಕೆ ಇಡೀ ಬೇಸಿಗೆಯಲ್ಲಿ ನಾಲ್ಕು ಸಲ ಮಾತ್ರ ನೀರು. 2024ರ ಮಳೆ ಚೆನ್ನಾಗಿತ್ತು, ಹಾಗಾಗಿ ಇವುಗಳಿಗೆ ನಿಜವಾದ ಪರೀಕ್ಷೆ ಇನ್ನೂ ಆಗಿಲ್ಲ. ಕೆಲವು ಎಲೆ ಮೇಲೆ ಸಣ್ಣ ಗುಳ್ಳೆ ಎದ್ದಿವೆ. ದೊಡ್ಡ ಮರದಲ್ಲೂ ಪ್ರತಿ ವರ್ಷ ಇರುತ್ತೆ, ಅದಕ್ಕೆ ಏನೂ ಹೊಡೆಯಲಿಲ್ಲ.

ಖರ್ಚು ಇಲ್ಲಿವರೆಗೆ 9,540 ರೂಪಾಯಿ. ನನ್ನ ದುಡಿಮೆ, ಮನೆಯ ಗೊಬ್ಬರ ಬಿಟ್ಟು. ಅದರಲ್ಲಿ ಮೊದಲ 3,400 ಖರ್ಚು ಮಾಡಿ ನೆಟ್ಟಿದ್ದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಿಡ ಮಾತ್ರ ಉಳಿದವು.

ಮುಂದಿನ ಕೆಲಸ ಹಿಪ್ಪೆ. ಪಕ್ಕದ ಊರಿನ ದೇವಸ್ಥಾನದ ಮರದಲ್ಲಿ ಹಣ್ಣು ಬೀಳೋಕೆ ಶುರುವಾಗಿದೆ. ಹೊಂಗೆ ಬೀಜದ ಹಾಗೆ ಅದನ್ನು ಡಬ್ಬಿಯಲ್ಲಿ ಇಟ್ಟು ಕಾಯೋ ಹಾಗಿಲ್ಲ, ಬಿದ್ದ ಒಂದೆರಡು ವಾರದೊಳಗೆ ಮಣ್ಣಿಗೆ ಸೇರಬೇಕು. ಮೂರಡಿಯ ಆರು ಕುಳಿ ತೋಡಿ, ಮೇಲ್ಮಣ್ಣು ತುಂಬಿಸಿಟ್ಟಿದ್ದೇನೆ. ಆರಿದ್ರಾ ಮಳೆಗೆ ಕಾಯುತ್ತಿದ್ದೇನೆ.